ಪಿಳ್ಳಮ್ಮ ಬಿಳೀ ಮರಳಲ್ಲಿ ಹೂತಿಟ್ಟ ಗೆಣಸು

ಬಂಗಾರಪೇಟೆ ಸಂತೇಲಿ ಗೆಣಸಿನ ರಾಶಿ ಮುಂದೆ ಒಬ್ಳು ಹೆಂಗಸು ಕಣ್ಣು ಮುಚ್ಕೊಂಡು ಕೂತವ್ಳೆ ಅಂದ್ರೆ ಅದು ಪಿಳ್ಳಮ್ಮಾನೇ, ಬೇರೆ ಯಾರೂ ಅಲ್ಲ. ಐವತ್ತೇಳನೇ ಇಸವಿ ಮಾತು ಇದು. ಸುತ್ತ ಕೂಗಾಟ, ಬದನೆಕಾಯಿ, ಕೋಳಿ, ಕುರಿ, ಬಿಸಿಲು, ಆ ಕಡೆ ಸ್ಟೇಷನ್ನಲ್ಲಿ ರೈಲು ಹೊಗೆ ಬಿಡ್ತಾ ನಿಂತಿರ್ತಿತ್ತು. ಇವ್ಳು ಮಾತ್ರ ಒಂದು ಗೆಣಸು ಮೂಗಿಗೆ ಹಿಡ್ಕೊಂಡು ಎಲ್ಲೋ ಹೋಗ್ಬಿಟ್ಟಿರೋಳು. ಯಾವ ಊರು ಮಣ್ಣು, ಕೆರೆ ಕೆಳಗಿಂದೋ, ದಿನ್ನೆ ಮೇಲಿಂದೋ, ಅಗೆದು ಎಷ್ಟು ದಿನ ಆಯ್ತು, ಎಲ್ಲಾ ವಾಸನೇಲೇ ಹೇಳ್ಬಿಡ್ತಿದ್ಳು.

ಆಮೇಲೆ ಉಗುರು. ಬಾಲದ ಕಡೆ ಸಣ್ಣಗೆ ಒಂದು ಗೀರು. ಬಿಳೀ ಹಾಲು ಗುಳುಗುಳು ಅಂತ ಬಂದ್ರೆ ಹೊಸದು. ಮೆಲ್ಲಗೆ ಜಿನುಗಿ ಅಂಟಂಟು ಆದ್ರೆ ಎಂಟು ದಿನದ್ದು, ಅದೇ ಬೇಯ್ಸೋಕೆ ಚೆಂದ, ಸಿಹಿ ಕೂತಿರ್ತದೆ. ಏನೂ ಬರ್ಲಿಲ್ವಾ, ಕೆಳಗೆ ಇಡು. ತೀರಾ ದಪ್ಪಂದು ಬೇಡ, ಒಳಗೆ ನಾರು. ಸೂಜಿ ಚುಚ್ಚಿದಂಗೆ ತೂತು ಇದ್ರೆ ಮುಟ್ಲೇ ಬೇಡ, ಒಳಗೆ ಹುಳ ಸಂಸಾರ ಮಾಡ್ತಿರ್ತದೆ, ಬೆಂದ್ಮೇಲೆ ಕಹಿ. ಎರಡೂ ಕಡೆ ಚೂಪಾಗಿ ಹೊಟ್ಟೆ ಹತ್ರ ಒಂದು ಹಿಡಿ ಇರ್ಬೇಕು, ಕೈಗೆ ತಗೊಂಡ್ರೆ ನೋಡೋಕಿಂತ ಭಾರ ಇರ್ಬೇಕು.

ಗೆಣಸು ಮಾರೋ ಮುತ್ಯಾಲಮ್ಮಂಗೆ ಇದೆಲ್ಲಾ ನೋಡಿ ನೋಡಿ ಸಾಕಾಗಿತ್ತು.

"ಲೇ ಪಿಳ್ಳಮ್ಮಾ, ಗೆಣ್ಸು ತಗೊಳ್ಳೋಕ್ ಬಂದಿದ್ಯೋ, ಎಣ್ಣು ನೋಡೋಕ್ ಬಂದಿದ್ಯೋ?"

"ಎಣ್ಣಾದ್ರೆ ಒಂದ್ ಕಿತ ನೋಡಿದ್ರೆ ಸಾಕು ಬಿಡಕ್ಕಾ. ಗೆಣ್ಸನ್ನ ಎಲ್ಡ್ ಕಿತ ನೋಡ್ಬೇಕು."

"ನೋಡು ನೋಡು. ಮದ್ವೆ ಊಟಕ್ಕೆ ನನ್ನೂ ಕರಿ."

ಇಷ್ಟೆಲ್ಲಾ ಆರಿಸಿ ತಂದ್ರೂ ಪಿಳ್ಳಮ್ಮಂಗೆ ಮನಸ್ಸಿಗೆ ಒಪ್ತಿರ್ಲಿಲ್ಲ. ಯಾಕಂದ್ರೆ ಅವಳು ಹುಡುಕ್ತಿದ್ದ ಗೆಣಸು ಸಂತೇಲಿ ಸಿಗೋದೇ ಅಲ್ಲ. ಅದು ಬೂದಿಕೋಟೆ ಪಕ್ಕದ ಅವಳ ತೌರೂರಲ್ಲಿ ಒಂದೇ ಒಂದು ಹೊಲ್ದಲ್ಲಿ ಬೆಳೀತಿತ್ತು. ಅವರಮ್ಮ ಓಬಳಮ್ಮನ ಕೈಯಲ್ಲಿ. ಮೇಲೆ ಸಿಪ್ಪೆ ಕುಂಕುಮದ ಕೆಂಪು, ಒಳಗೆ ಹಾಲಿಗೆ ಚೂರು ಅರಿಶಿಣ ಹಾಕ್ದಂಗೆ ತೆಳು ಹಳದಿ. ಬೇಯ್ಸಿದ್ರೆ ನೀರು ನೀರಾಗ್ತಿರ್ಲಿಲ್ಲ, ತಾನಾಗೇ ಬಿರ್ಕೊಂಡು ಹಿಟ್ಟು ಹಿಟ್ಟಾಗಿ ಉದುರ್ತಿತ್ತು. ಹೆಸರು ಅಂತ ಏನೂ ಇರ್ಲಿಲ್ಲ ಅದಕ್ಕೆ. "ನಮ್ ಗೆಣ್ಸು" ಅಂತಿದ್ರು ಅಷ್ಟೇ. ಓಬಳಮ್ಮ ಮದುವೆ ಆಗಿ ಬಂದಾಗ ಅವಳ ಅಮ್ಮ ಸೆರಗಲ್ಲಿ ನಾಕು ಬಳ್ಳಿ ತುಂಡು ಕಟ್ಟಿ ಕಳ್ಸಿದ್ಳಂತೆ. ಅಜ್ಜಿ ಊರಲ್ಲಿ ಆಮೇಲೆ ಅದು ಅಳಿದೇ ಹೋಯ್ತು, ಇಲ್ಲಿ ಮಾತ್ರ ಆ ಬಳ್ಳಿ ಒಂದು ವರ್ಷಾನೂ ತಪ್ಪಿಲ್ಲ. ಬೆಳೆ ಅಗೆದ್ಮೇಲೂ ಬಾವಿ ನೀರು ಹರಿದು ಹೋಗೋ ಕಾಲುವೆ ಪಕ್ಕ ಒಂದು ಮಾರು ಉದ್ದ ಬಳ್ಳಿ ಉಳಿಸ್ಕೊಂಡು, ಮುಂದಿನ ಮಳೆಗೆ ಅದನ್ನೇ ತುಂಡು ಮಾಡಿ ನೆಡೋದು.

ಪಿಳ್ಳಮ್ಮನ್ನ ಕೊಟ್ಟಿದ್ದು ಬಂಗಾರದ ಗಣಿ ಇರೋ ಊರಿಗಾಮಿಗೆ. ಗಂಡ ಕದಿರಪ್ಪ ಸೋದರಮಾವನ ಮಗಾನೇ. ಅಲ್ಲಿನ ನಂದಿದುರ್ಗ ಅನ್ನೋ ಗಣೀಲಿ, ನೆಲದ ಒಳಗೆ ಎಷ್ಟೋ ಆಳದಲ್ಲಿ ಕಲ್ಲು ತುಂಬಿದ ಟ್ರಾಲಿ ತಳ್ಳೋ ಕೆಲ್ಸ. ಗಣಿಯೋರು ಕೊಟ್ಟ ಲೈನ್ ಮನೆ ಅಂದ್ರೆ ಗೊತ್ತಲ್ಲ, ಸಾಲು ಮನೆ, ಬಿದಿರು ತಟ್ಟಿ ಗೋಡೆ, ಮೇಲೆ ತಗಡು, ಒಂದೇ ಕೋಣೆ, ಅದರಲ್ಲೇ ಒಲೆ. ಪಕ್ಕದ ಮನೆ ಅಮ್ಮಾಜಮ್ಮ ಸೀನಿದ್ರೆ ಈ ಮನೇಲಿ ದೀಪ ಅಲ್ಲಾಡೋದು. ಹಳ್ಳೀಲಿ ಬಯಲಲ್ಲಿ ಬೆಳೆದೋಳಿಗೆ ಮೊದಲ್ನೇ ತಿಂಗ್ಳು ಉಸಿರು ಕಟ್ದಂಗೆ ಆಗಿತ್ತು. ಆದ್ರೆ ಒಂದೇ ಒಂದು ಅವಳನ್ನ ಹಿಡಿದು ನಿಲ್ಸಿತ್ತು. ಲೈನಿನ ಹಿಂದುಗಡೆ ಇದ್ದ ಬಿಳೀ ದಿಬ್ಬ.

ಅಬ್ಬಾ, ಏನ್ ದಿಬ್ಬ ಅದು! ಬೆಟ್ಟದಷ್ಟು ಎತ್ತರ, ಒಂದು ಗಿಡ ಇಲ್ಲ, ಒಂದು ಕಲ್ಲಿಲ್ಲ, ನುಣ್ಣಗೆ, ಬೂದಿಯಂಗೆ ಬೆಳ್ಳಗೆ. ಸಾಯಂಕಾಲ ಬಿಸಿಲು ಬಿದ್ರೆ ಹಳದಿ, ಮೋಡ ಬಂದ್ರೆ ನೀಲಿ. ಗಾಳಿ ಬಂದ್ರೆ ಅದರ ನೆತ್ತಿಯಿಂದ ಹೊಗೆಯಂಗೆ ಒಂದು ಎಳೆ ಎದ್ದು ಆಕಾಶದಲ್ಲಿ ಕರಗಿ ಹೋಗೋದು. ಪಿಳ್ಳಮ್ಮ ಅನ್ನ ಬಸಿಯೋಕೆ ಅಂತ ಹೊರಗೆ ಬಂದೋಳು ಅದನ್ನ ನೋಡ್ತಾ ನಿಂತ್ಬಿಡೋಳು. ದೇವ್ರು ಅಕ್ಕಿ ಬೀಸಿ ಬೀಸಿ ಹಿಟ್ಟು ಸುರಿದು ಹಂಗೇ ಮರೆತು ಹೋಗವ್ನೆ ಅನ್ಸೋದು ಅವ್ಳಿಗೆ. ಅದು ಏನು, ಎಲ್ಲಿಂದ ಬಂತು ಅಂತ ಅವ್ಳು ಯಾರನ್ನೂ ಕೇಳ್ಲಿಲ್ಲ. ಬೆಟ್ಟ ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳ್ತಾರಾ?

ಐವತ್ತೆಂಟರ ಸಂಕ್ರಾಂತಿಗೆ ನಾಕು ದಿನ ಮುಂಚೆ ತೌರಿಂದ ಗೆಣಸು ಬಂತು. ಅಣ್ಣ ಸೀನಪ್ಪ ಬೂದಿಕೋಟೆ ಬಸ್ಸಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಮಾರಿಕುಪ್ಪಂ ರೈಲು ಹತ್ತಿ, ಊರಿಗಾಂ ಸ್ಟೇಷನ್ನಲ್ಲಿ ಇಳಿದು, ಮಂಕರಿ ತಲೆ ಮೇಲೆ ಹೊತ್ಕೊಂಡು ಬಂದ.

"ತಗಾ ನಿನ್ ಆಸ್ತಿ. ದಾರೀಲಿ ಎಲ್ರೂ ಕೇಳ್ತಾವ್ರೆ, ಬಂಗಾರದ ಗಣಿ ಒಳಗಿಂದ ತರ್ತಾರೆ, ನೀನೇನಯ್ಯಾ ಒಳಕ್ಕೆ ತಗೊಂಡೋಗ್ತಿದ್ದೀಯ ಅಂತ."

"ಅಮ್ಮ ಎಂಗವ್ಳೆ ಅಣ್ಣಾ?"

"ಕೆಮ್ತವ್ಳೆ. ಕೆಮ್ಮಿದ್ರೂ ಗೆಣ್ಸು ಆರ್ಸಿದ್ದು ಅವ್ಳೇ. ನಾನ್ ಮುಟ್ಟಿದ್ರೆ ಕೈ ಮೇಲೆ ಒಡೀತಾಳೆ."

ಹಬ್ಬದ ದಿನ ಪಿಳ್ಳಮ್ಮ ಗೆಣಸು ಬೇಯ್ಸಿದ್ದನ್ನ ಅಮ್ಮಾಜಮ್ಮ ಸಾಯೋ ತನಕ ಹೇಳ್ಕೊಂಡು ತಿರುಗಿದ್ಳು. ಎಲ್ರೂ ಪಾತ್ರೆ ತುಂಬ ನೀರು ಹುಯ್ದು ಕುದಿಸ್ತಾರೆ, ರುಚಿ ಎಲ್ಲಾ ನೀರಿಗೆ ಹೋಗ್ತದೆ. ಇವ್ಳು ಮಡಕೆ ತಳಕ್ಕೆ ರಾಗಿಹುಲ್ಲು ಸುತ್ತಿ ಮೆತ್ತೆ ಮಾಡ್ತಿದ್ಳು. ಹುಲ್ಲು ನೆನೆಯೋಷ್ಟು ನೀರು, ಚಿಟಿಕೆ ಉಪ್ಪು. ಅದರ ಮೇಲೆ ಗೆಣಸು ಸಿಪ್ಪೆ ಸಮೇತ, ದಪ್ಪಂದು ಕೆಳಗೆ, ಸಣ್ಣದು ಮೇಲೆ. ಮೇಲೊಂದು ಒದ್ದೆ ಬಟ್ಟೆ, ಅದರ ಮೇಲೆ ತಟ್ಟೆ ಬೋರಲು. ಮೊದಲು ಜೋರು ಉರಿ, ಹುಲ್ಲಿನ ವಾಸನೆ ಬಂದ ತಕ್ಷಣ ಸೌದೆ ಹಿಂದಕ್ಕೆ ಎಳೆದು ಬರೀ ಕೆಂಡ. ಆಮೇಲೆ ಯಾರೂ ಮುಚ್ಚಳ ತೆಗೀಬಾರ್ದು. ದೇವ್ರು ಬಂದು ಕೇಳಿದ್ರೂ ತೆಗೀಬಾರ್ದು. ಮಡಕೆ ಒಳಗಿಂದ ಸುಯ್ ಅಂತ ಬರೋ ಸದ್ದು ನಿಂತು ಟಪ್ ಟಪ್ ಅಂದಾಗ ಇಳ್ಸೋದು. ಅವರೇಕಾಯಿ, ಕಡ್ಲೇಕಾಯಿ ಬೇರೆ ಪಾತ್ರೇಲಿ.

ಅಮ್ಮಾಜಮ್ಮ ಒಂದು ಮುರಿದು ಬಾಯಿಗೆ ಹಾಕ್ಕೊಂಡು ಮಾತೇ ಆಡ್ಲಿಲ್ಲ. ಅವಳು ಮಾತಾಡ್ದೆ ಇರೋದು ಲೈನಲ್ಲಿ ಸುದ್ದಿ.

"ಎನ್ನಡೀ ಪಿಳ್ಳಾ ಇದು," ಅಂದ್ಳು ಕೊನೆಗೆ, ತಮಿಳು ಕನ್ನಡ ಎಲ್ಲಾ ಕಲ್ಸಿ. "ಗೆಣ್ಸಾ, ಕೋವಾನಾ? ಇಷ್ಟ್ ದಿನ ನಾವ್ ತಿಂದಿದ್ದೆಲ್ಲಾ ಕಟ್ಟೆ, ಬರೀ ಸೌದೆಕಟ್ಟೆ."

ಉಳಿದಿದ್ದು ಹನ್ನೊಂದು. ಅವನ್ನ ಯುಗಾದಿ ತನಕ ಇಡ್ಬೇಕು ಅಂತ ಪಿಳ್ಳಮ್ಮನ ಆಸೆ. ಅಮ್ಮ ಹೆಂಗ್ ಇಡ್ತಿದ್ಳು ಅಂತ ಕಣ್ಣಲ್ಲಿ ಕಟ್ದಂಗೆ ಇತ್ತು. ಅಗೆದ್ಮೇಲೆ ತೊಳೀಬಾರ್ದು. ಐದು ದಿನ ನೆರಳಲ್ಲಿ ಗೋಣಿ ಹೊದಿಸಿ ಮಲಗಿಸ್ಬೇಕು, ಗಾಯ ಇದ್ರೆ ಒಣಗ್ತದೆ, ಸಿಹಿ ಏರ್ತದೆ. ಏಟು ಬಿದ್ದಿರೋದನ್ನ ಬೇರೆ ಮಾಡಿ ಮೊದ್ಲು ತಿಂದ್ಬಿಡ್ಬೇಕು. ಆಮೇಲೆ ತಂಪಾದ ಮೂಲೇಲಿ ಗುಳಿ, ಅದರಲ್ಲಿ ಕೆರೆ ಅಂಚಿನ ಒಣ ಮರಳು, ಒಂದಕ್ಕೊಂದು ತಾಗ್ದಂಗೆ ಗೆಣಸು, ಮತ್ತೆ ಮರಳು, ಮೇಲೆ ಒಲೆ ಬೂದಿ.

ಎಲ್ಲಾ ಸರಿ. ಊರಿಗಾಮಲ್ಲಿ ಕೆರೆ ಮರಳು ಎಲ್ಲಿ ತರೋದು? ಅಂಗಳದ ಮಣ್ಣು ಕೆಂಪು, ಕೈಲಿ ಹಿಡಿದ್ರೆ ಉಂಡೆ ಆಗೋಷ್ಟು ಒದ್ದೆ. ಪಿಳ್ಳಮ್ಮ ತಲೆ ಎತ್ತಿದ್ಳು. ಎದುರಿಗೇ ಬಿಳೀ ದಿಬ್ಬ, ಬಿಸಿಲಲ್ಲಿ ಹೊಳೀತಾ, ಬಾ ತಾಯೀ ಅಂದಂಗೆ.

ಮಧ್ಯಾಹ್ನ ಎಲ್ರೂ ಮಲಗಿರೋ ಹೊತ್ತಲ್ಲಿ ಮಂಕರಿ ತಗೊಂಡು ಹೋದ್ಳು. ಬರಿಗಾಲಲ್ಲಿ ಹತ್ತಿದ್ರೆ ಪಾದ ಮೆತ್ತಗೆ ಒಳಕ್ಕೆ ಇಳೀತಿತ್ತು. ಮೇಲೆ ಬೆಚ್ಚಗೆ, ಒಂದು ಗೇಣು ಕೆಳಗೆ ತಣ್ಣಗೆ. ಕೈಲಿ ತಗೊಂಡ್ರೆ ಬೆರಳ ಸಂದೀಲಿ ನೀರಂಗೆ ಜಾರ್ತಿತ್ತು. ಇಷ್ಟು ನುಣ್ಣಗಿರೋ ಮರಳು ಅಮ್ಮಂಗೂ ಸಿಕ್ಕಿಲ್ವಲ್ಲಾ ಅಂದ್ಕೊಂಡ್ಳು. ಮೂರು ಮಂಕರಿ ಹೊತ್ತು ತಂದು, ಮೂಲೇಲಿ ಗುಳಿ ಮಾಡಿ, ಮಗೂನ ಮಲಗಿಸ್ದಂಗೆ ಹನ್ನೊಂದು ಗೆಣಸನ್ನೂ ಅದರಲ್ಲಿ ಮಲಗಿಸಿ ಮುಚ್ಚಿದ್ಳು. ಅವತ್ತು ಅವಳಿಗೆ ಎಂಥಾ ನೆಮ್ಮದಿ ಅಂತೀರಾ!

ಮಾಘ ಮಾಸದಲ್ಲಿ ಸುದ್ದಿ ಬಂತು. ಓಬಳಮ್ಮ ತೀರ್ಕೊಂಡ್ಳು ಅಂತ.

ಹನ್ನೊಂದು ದಿನದ ಕಾರ್ಯ ಮುಗಿಯೋ ತನಕ ಪಿಳ್ಳಮ್ಮ ತೌರಲ್ಲೇ ಇದ್ಳು. ಹನ್ನೆರಡನೇ ದಿನ ಬೆಳಗ್ಗೆ, ಯಾಕೋ ಗೊತ್ತಿಲ್ಲ, ಕಾಲು ತಾನಾಗೇ ಬಾವಿ ಕಡೆ ಹೋಯ್ತು. ಅಮ್ಮನ ಬಳ್ಳಿ ನೋಡ್ಬೇಕು ಅನ್ಸಿತ್ತು. ಹೋಗಿ ನೋಡಿದ್ರೆ ಕಾಲುವೆ ಪಕ್ಕ ಮಣ್ಣು ಏರಿ ಏರಿ ಕಟ್ಟಿ ಸಾಲು ಮಾಡಿದ್ರು. ಆ ಸಾಲಲ್ಲಿ ಬೇರೆ ಯಾವ್ದೋ ಗಿಡದ ಎಲೆ.

"ಅಣ್ಣಾ, ಇಲ್ಲಿದ್ ಬಳ್ಳಿ?"

ಸೀನಪ್ಪ ಹಸು ಮೈ ಉಜ್ತಿದ್ದೋನು ತಿರುಗಿ ನೋಡ್ಲಿಲ್ಲ. "ಆಲೂಗೆಡ್ಡೆ ಆಕಿದ್ದೀನಿ ಕಣಮ್ಮೀ. ಈಗ ಎಲ್ರೂ ಅದನ್ನೇ ಆಕೋದು. ನೀರಿರೋ ಜಾಗ ಅದೊಂದೇ."

"ಬಳ್ಳಿ ಎಲ್ಲಣ್ಣಾ?"

"ಅಸೂನ ಕೇಳು. ತಿಂದಿದ್ದು ಅದೇ."

ಪಿಳ್ಳಮ್ಮ ಹಸು ಮುಖ ನೋಡಿದ್ಳು. ಹಸು ಅವಳ ಮುಖ ನೋಡ್ತು.

"ಒಂದ್ ಮಾರು ಬಿಡೋಕಾಗ್ಲಿಲ್ವಾ ನಿಂಗೆ?"

"ನಾನೇನ್ ಬೇಕಂತ ಮಾಡಿದ್ನಾ? ಅಮ್ಮ ಮಲಗ್ಬಿಟ್ಟಿದ್ಳು, ನಂಗೆ ದಿಕ್ಕೇ ತೋಚ್ತಿರ್ಲಿಲ್ಲ. ಗೆಣ್ಸಿನ್ ಬಳ್ಳಿ ತಾನೇ, ಎಲ್ಲಾದ್ರೂ ಸಿಕ್ತದೆ ಬಿಡು." ಅಂದೋನು ಹಸು ಮೈ ಇನ್ನೂ ಜೋರಾಗಿ ಉಜ್ಜಿದ. ಸಿಗಲ್ಲ ಅಂತ ಅವನಿಗೂ ಗೊತ್ತಿತ್ತು. ಅಮ್ಮ ಮಲಗಿದ್ಮೇಲೆ ಆ ಸಲ ಗುಳೀಲಿ ಒಂದು ಗೆಡ್ಡೇನೂ ಇಟ್ಟಿರ್ಲಿಲ್ಲ. ಸುತ್ತ ಹತ್ತು ಊರಲ್ಲಿ ಬಿಳೀ ಗೆಣಸೇ ಎಲ್ರೂ ಬೆಳೀತಿದ್ದಿದ್ದು.

ವಾಪಸ್ ಬರೋವಾಗ ರೈಲಲ್ಲಿ ಕಿಟಕಿ ಪಕ್ಕ ಕೂತು ಪಿಳ್ಳಮ್ಮ ಅಳ್ಲಿಲ್ಲ. ಅವಳಿಗೆ ಒಂದೇ ಯೋಚ್ನೆ. ಮನೇಲಿ ಹನ್ನೊಂದು ಇದಾವೆ. ಬೇಸಿಗೆ ಶಾಖಕ್ಕೆ ಗೆಣಸು ಕಣ್ಣು ಬಿಡ್ತದೆ, ಮೊಳಕೆ ಬಂದ್ರೆ ಬಳ್ಳಿ, ಬಳ್ಳಿ ಬಂದ್ರೆ ಮತ್ತೆ ಎಲ್ಲಾ ಬಂತು. ಹೊರಗೆ ಹುರುಳಿ ಹೊಲ, ಬಂಡೆ, ಈಚಲು ಮರ ಹಿಂದಕ್ಕೆ ಓಡ್ತಿದ್ವು. ಅಮ್ಮ ಆ ಹನ್ನೊಂದರ ಒಳಗೆ ಮುದುರ್ಕೊಂಡು ಮಲಗವ್ಳೆ ಅನ್ಸಿ, ಒಂದು ಕ್ಷಣ ಅವಳಿಗೆ ನಗೂನೂ ಬಂತು.

ಮನೆಗೆ ಬಂದೋಳು ಕಾಲು ತೊಳ್ಕೊಳ್ದೇ ಮೂಲೇಲಿ ಕೂತು ಮರಳು ತೆಗೆಯೋಕೆ ಶುರು ಮಾಡಿದ್ಳು. ಮಾತಾಡ್ಸೋಕೆ ಅಂತ ಬಂದ ಅಮ್ಮಾಜಮ್ಮ ಬಾಗ್ಲಲ್ಲೇ ನಿಂತ್ಳು.

"ಅದೇನಡೀ ಬಿಳೀದು? ಸುಣ್ಣಾನಾ?"

"ಮರಳು ಅಕ್ಕಾ. ಗೆಣ್ಸು ಇಟ್ಟಿದ್ದೀನಿ."

"ಎಲ್ಲೀ ಮರಳು?"

"ಇಲ್ಲೇ. ದಿಬ್ಬದ್ದು."

ಅಮ್ಮಾಜಮ್ಮನ ಕೈ ಬಾಯಿಗೆ ಹೋಯ್ತು. "ಅಯ್ಯಯ್ಯೋ ಪಾವೀ! ಅದು ಸೈನೈಡ್ ದಿಬ್ಬ ಕಣೇ! ನಮ್ಮೋರು ಮಿಲ್ಲಲ್ಲೇ ಇರೋದು, ನಂಗೊತ್ತಿಲ್ವಾ? ಕಲ್ಲು ಪುಡಿ ಮಾಡಿ, ವಿಷ ಆಕಿ ಬಂಗಾರ ಎಳ್ಕೊಂಡು, ಉಳ್ದಿದ್ದನ್ನ ಅಲ್ಲಿ ಸುರೀತಾರೆ. ಬಿಸಾಕು! ಕೈ ತೊಳಿ ಮೊದ್ಲು! ತಿಂದ್ಯಾ? ಏಯ್, ಬಾಯಿ ಬಿಟ್ಟು ಹೇಳು, ತಿಂದ್ಯಾ?"

"ಇಲ್ಲಕ್ಕಾ. ಒಂದೂ ತೆಗೀಲಿಲ್ಲ."

ಪಿಳ್ಳಮ್ಮನ ಕೈ ಮರಳಲ್ಲೇ ನಿಂತಿತ್ತು. ಇಷ್ಟು ದಿನ ಯಾವ ದಿಬ್ಬ ನೋಡ್ಕೊಂಡು ಊರು ಮರೀತಿದ್ಳೋ ಅದೇ ದಿಬ್ಬ. ಊರಿಗಾಮಲ್ಲಿ ಹುಟ್ಟಿದ ಮಗೂಗೂ ಇದು ಗೊತ್ತು. ಅದಕ್ಕೇ ಯಾರೂ ಅವಳಿಗೆ ಹೇಳಿರ್ಲಿಲ್ಲ, ಹೇಳ್ಬೇಕು ಅಂತ ಯಾರಿಗೂ ಹೊಳೆದೇ ಇರ್ಲಿಲ್ಲ.

ಒಂದೊಂದಾಗಿ ತೆಗೆದ್ರು. ಆ ಮರಳು ಎಷ್ಟು ನುಣ್ಣಗಿತ್ತು ಅಂದ್ರೆ ಗಾಳೀನೂ ಒಳಗೆ ಬಿಟ್ಟಿರ್ಲಿಲ್ಲ. ಎಂಟು ಗೆಣಸು ಒಳಗೇ ಬೆವೆತು ಮೆತ್ತಗಾಗಿ, ಹುಳಿ ಹುಳಿ ವಾಸನೆ ಬರ್ತಿತ್ತು. ಮೂರು ಮಾತ್ರ ಗಟ್ಟಿ ಇದ್ವು, ಸುಕ್ಕು ಬಿದ್ದು, ಅಜ್ಜಿ ಕೈ ಇದ್ದಂಗೆ.

ಸಾಯಂಕಾಲ ಗಣಿ ಸೈರನ್ನು, ಅದನ್ನ ಸಂಗು ಅಂತಾರೆ, ಕೂಗ್ತು, ಪಾಳಿ ಬಿಡ್ತು, ಕದಿರಪ್ಪ ಬಂದ. ಹೆಂಡ್ತಿ ಎಲ್ಲಾ ಹೇಳಿದ್ಳು, ಮುಚ್ಚಿಡ್ಲಿಲ್ಲ. ಅವನು ಆ ಮೂರನ್ನೂ ತಗೊಂಡು ಹೊರಗೆ ಹೊರಟ.

"ಮಾವಾ, ಬ್ಯಾಡ. ಅದೇ ಕೊನೇದು."

"ಲೇ ಪಿಳ್ಳೀ, ದಿನಾ ಬೆಳಗೆದ್ದು ಸಾವಿನ್ ಒಟ್ಟೆ ಒಳಗೆ ಇಳ್ದು ಬತ್ತೀನಿ ನಾನು. ಮನೇಗೂ ಅದನ್ನ ತಂದು ಒಲೆ ಪಕ್ಕ ಇಡ್ತೀಯಾ?"

"ತಿನ್ನಲ್ಲ ಮಾವಾ. ಯಾರ್ಗೂ ತಿನ್ಸಲ್ಲ. ಅಮ್ಮನ ಆಣೆ. ಮೊಳಕೆ ಬಂದ್ರೆ ಬಳ್ಳಿ ಅಷ್ಟೇ ತಗೋತೀನಿ, ಗೆಡ್ಡೇನ ಹೂತಾಕ್ಬಿಡ್ತೀನಿ."

"ಮೊಳಕೆ ಬರ್ತದಾ ಇದು? ವಿಷದಲ್ಲಿ ಬಿದ್ದಿದ್ದು?"

"ಬರ್ದಿದ್ರೆ ನೀನೇ ಬಿಸಾಕು."

ಕದಿರಪ್ಪ ಬಾಗ್ಲಿಂದ ವಾಪಸ್ ಬಂದು ಮೂರನ್ನೂ ಕೆಳಗಿಟ್ಟ. ಅವನಿಗೆ ಅತ್ತೆ ನೆನಪಾದ್ಳೋ, ಹೆಂಡ್ತಿ ಮುಖ ನೋಡೋಕೆ ಆಗ್ಲಿಲ್ವೋ. "ಮನೆ ಒಳ್ಗೆ ಬ್ಯಾಡ. ಒರಗೆ, ಬಚ್ಚಲ ಪಕ್ಕ. ಅದ್ರ ಅತ್ರ ಕೋಳೀನೂ ಬರ್ಬಾರ್ದು," ಅಂದ. ಆಮೇಲೆ ತಾನೇ ಆ ಬಿಳೀ ಮರಳನ್ನ ಮೂರು ಮಂಕರಿ ಹೊತ್ತು ವಾಪಸ್ ದಿಬ್ಬಕ್ಕೆ ಹಾಕಿ ಬಂದ. ಮಾರನೇ ದಿನ ಕೆಲಸದಿಂದ ಬರೋವಾಗ ತಲೆ ರುಮಾಲಲ್ಲಿ ಕೆಂಪು ಮಣ್ಣು ಕಟ್ಕೊಂಡು ಬಂದ, ದಿಬ್ಬದ ಧೂಳು ಬೀಳ್ದಿರೋ ದೂರದ ಯಾವ್ದೋ ಹೊಲದ್ದು. ಬಚ್ಚಲ ಪಕ್ಕ ಸುರಿದು ಹೋದ.

ಪಿಳ್ಳಮ್ಮ ಮೂರನ್ನೂ ಏಳು ನೀರಲ್ಲಿ ತೊಳೆದು, ಒಣಗಿಸಿ, ತಳ ತೂತಾದ ತಗಡಿನ ಡಬ್ಬೀಲಿ ಆ ಮಣ್ಣು ತುಂಬಿ ಅರ್ಧ ಕಾಣೋ ಹಂಗೆ ಮಲಗಿಸಿದ್ಳು. ಮೇಲೆ ಮುಳ್ಳು ಮುಚ್ಚಿದ್ಳು.

ಫಾಲ್ಗುಣ ಕಳೀತು. ಏನೂ ಇಲ್ಲ. ಒಂದು ಕೊಳೀತು, ಹೂತಾಕಿದ್ಳು. ಯುಗಾದಿ ಬಂತು. ಏನೂ ಇಲ್ಲ. ಇನ್ನೊಂದು ಒಣಗಿ ಕಡ್ಡಿ ಆಯ್ತು. ಉಳಿದಿದ್ದು ಒಂದು. ಅಮ್ಮಾಜಮ್ಮ ದಿನಾ ನೀರಿಗೆ ಹೋಗೋವಾಗ ಬಗ್ಗಿ ನೋಡೋಳು.

"ಏನಡೀ, ನಿನ್ ಕೂಸು ಎದ್ತಾ?"

"ಇನ್ನೂ ನಿದ್ದೆ ಅಕ್ಕಾ."

"ಕುಂಬಕರ್ಣನ ಕೂಸು ಬಿಡು ಅದು."

ಆ ಬೇಸಿಗೇಲಿ ಪಿಳ್ಳಮ್ಮಂಗೆ ಮಧ್ಯಾಹ್ನದ ನಿದ್ದೇಲಿ ಒಂದೇ ಕನಸು ಬೀಳ್ತಿತ್ತು. ತಗಡಿನ ಶಾಖ, ಮೈ ಎಲ್ಲಾ ಬೆವರು, ಕಣ್ಣು ಮುಚ್ಚಿದ್ರೆ ಬಿಳೀ ದಿಬ್ಬ. ಅದರ ಬುಡದಿಂದ ಒಂದು ಬಳ್ಳಿ ಹೊರಟು, ಒಂದೊಂದೇ ಎಲೆ ಬಿಡ್ತಾ, ಮೆಲ್ಲ ಮೆಲ್ಲಗೆ ಮೇಲಕ್ಕೆ ಹತ್ತೋದು. ನೋಡ್ತಾ ನೋಡ್ತಾ ದಿಬ್ಬ ಎಲ್ಲಾ ಹಸಿರು. ನೆತ್ತಿ ಮೇಲೆ ಅಮ್ಮ ಕುಕ್ಕರಗಾಲಲ್ಲಿ ಕೂತು ಕಳೆ ಕೀಳ್ತಿರೋಳು, ತಿರುಗಿ ನೋಡ್ತಿರ್ಲಿಲ್ಲ. ಕೂಗ್ಬೇಕು ಅಂತ ಬಾಯಿ ತೆರೆದ್ರೆ ಸಂಗು ಕೂಗಿ ಎಚ್ಚರ ಆಗೋದು. ಎದ್ದು ಹೊರಗೆ ಹೋಗಿ ಮುಳ್ಳು ಸರಿಸಿ ನೋಡೋಳು. ಏನೂ ಇಲ್ಲ. ಚೂರು ನೀರು ಚಿಮುಕಿಸಿ ಬಂದು ಮಲಗೋಳು.

ವೈಶಾಖದಲ್ಲಿ ಒಂದು ದಿನ, ಮುಂಗಾರಿಗೆ ಮುಂಚಿನ ಮಳೆ ಹುಯ್ದು ನಿಂತಿತ್ತು, ಮುಳ್ಳು ತೆಗೆದ್ರೆ ಗೆಡ್ಡೆ ತಲೆ ಹತ್ರ ಸಾಸಿವೆ ಕಾಳಷ್ಟು ನೇರಳೆ ಬಣ್ಣ. ಧೂಳು ಅಂದ್ಕೊಂಡು ಊದಿದ್ಳು. ಹೋಗ್ಲಿಲ್ಲ. ಮತ್ತೆ ಊದಿದ್ಳು. ಅಲ್ಲೇ ನೆಲದ ಮೇಲೆ ಕೂತ್ಬಿಟ್ಳು. ಕದಿರಪ್ಪ ಬಂದಾಗ ಬೆರಳಲ್ಲಿ ತೋರ್ಸಿದ್ಳು ಅಷ್ಟೇ. ಅವನು ಬಗ್ಗಿ ನೋಡಿ, ಎದ್ದು, ಮತ್ತೆ ಬಗ್ಗಿ ನೋಡಿ, "ಮೊಂಡಿ. ನಿನ್ನಂಗೇ," ಅಂದ.

ಆಷಾಢದ ಹೊತ್ತಿಗೆ ಎರಡು ಮಾರು ಬಳ್ಳಿ. ಎಲೆ ಹೃದಯ ಇದ್ದಂಗೆ, ನರ ಎಲ್ಲಾ ನೇರಳೆ. ಪಿಳ್ಳಮ್ಮ ನೆಲದ ಹತ್ರದ್ದು ಬಿಟ್ಟು ತುದಿ ಕಡೇದು ಮಾತ್ರ ಒಂದೊಂದು ಮೊಳ ಕತ್ತರಿಸಿದ್ಳು, ಏಳು ತುಂಡು ಆಯ್ತು. ಒದ್ದೆ ಗೋಣೀಲಿ ಸುತ್ತಿದ್ಳು. ಹೇಳಿದ್ದಂಗೆ ಗೆಡ್ಡೇನ ಆಳವಾಗಿ ಹೂತು ಮೇಲೆ ಕಲ್ಲಿಟ್ಳು. ಆಮೇಲೆ ರೈಲು, ಆಮೇಲೆ ಬೂದಿಕೋಟೆ ಬಸ್ಸು. ಬಸ್ಸಲ್ಲಿ ಯಾರೋ, "ಏನಮ್ಮಾ ಗೋಣೀಲಿ, ಕೋಳೀನಾ?" ಅಂದ್ರೆ, "ನಮ್ಮಮ್ಮ," ಅಂದ್ಬಿಟ್ಳು. ಕೇಳಿದೋರು ಆಮೇಲೆ ಊರು ಬರೋ ತನಕ ಅವಳ ಕಡೆ ನೋಡ್ಲೇ ಇಲ್ಲ.

ಸೀನಪ್ಪ ಬಳ್ಳಿ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದ. ಮರಳಿನ ವಿಷಯಾನೂ ಪಿಳ್ಳಮ್ಮ ಹೇಳಿದ್ಳು.

"ಇದನ್ನ ನನ್ ಒಲದಲ್ಲಿ ನೆಡ್ಬೇಕಾ? ವಿಷದ್ ಬಳ್ಳೀನಾ?"

"ಬಳ್ಳಿ ಬೆಳ್ದಿದ್ದು ಕೆಮ್ಮಣ್ಣಲ್ಲಿ ಅಣ್ಣಾ. ಭಯ ಆದ್ರೆ ಬದು ಮೇಲೆ ಒಂದ್ ಮೂಲೆ ಕೊಡು. ಬೆಳ್ದಿದ್ದನ್ನ ಮೊದ್ಲು ನಾನ್ ತಿಂತೀನಿ. ನಂಗೇನೂ ಆಗ್ಲಿಲ್ಲ ಅಂದ್ರೆ ಆಮೇಲ್ ನೀವು."

"ಏನಾದ್ರೂ ಆದ್ರೆ ನಿನ್ ಗಂಡಂಗೆ ಏನ್ ಏಳ್ಲಿ ನಾನು?"

"ಅಸು ತಿಂತು ಅನ್ನು."

ಸೀನಪ್ಪಂಗೆ ನಗು ಬಂತು, ನಾಚಿಕೆನೂ ಆಯ್ತು. ಬದು ಮೇಲೆ ನಾಕು ಹೆಜ್ಜೆ ಜಾಗ ಕೊಟ್ಟ. ಪಿಳ್ಳಮ್ಮ ಮಣ್ಣು ಸಡಿಲ ಮಾಡಿ, ಬಳ್ಳಿ ನಡು ಭಾಗ ಮಣ್ಣೊಳಗೆ ಬಾಗಿಸಿ, ಎರಡೂ ತುದಿ ಹೊರಗೆ ಬಿಟ್ಟು ನೆಟ್ಳು. ಅವತ್ತೇ ಮಳೆ ಬಂತು.

ಮಾರ್ಗಶಿರದಲ್ಲಿ ಗಂಡ ಹೆಂಡ್ತಿ ಇಬ್ರೂ ಹೋದ್ರು. ಸೀನಪ್ಪಾನೇ ಅಗೆದ, ಗುದ್ದಲಿ ಏಟು ತಾಗ್ದಂಗೆ ದೂರದಿಂದ, ಆಮೇಲೆ ಕೈಲಿ. ಮಣ್ಣು ಉದುರ್ತಿದ್ದಂಗೆ ಕುಂಕುಮ ಬಣ್ಣ ಕಾಣ್ತು. ಬಣ್ಣ ಅದೇ, ಸರಿ. ಆದ್ರೆ ಬಣ್ಣ ಇದ್ರೆ ಆಯ್ತಾ? ಅಷ್ಟು ಕಷ್ಟದಲ್ಲಿ ಉಳಿದಿದ್ದು ಅದೇ ಗೆಣಸಾಗಿ ಉಳಿದಿದೆಯೋ, ಬೇರೆ ಏನೋ ಆಗಿದೆಯೋ, ಅದು ನಾಲಿಗೇನೇ ಹೇಳ್ಬೇಕು.

ಐದು ದಿನ ಗೋಣಿ ಹೊದಿಸಿ ನೆರಳಲ್ಲಿಟ್ರು. ಆರನೇ ದಿನ ಅಮ್ಮನ ಒಲೆ ಮೇಲೆ ಅಮ್ಮನ ಮಡಕೆ ಇಟ್ಟು ಪಿಳ್ಳಮ್ಮ ಬೇಯ್ಸಿದ್ಳು. ಇಳ್ಸಿದ್ಮೇಲೆ ಎಲ್ರೂ ಸುತ್ತ ಕೂತ್ರು, ಕೈ ಮಾತ್ರ ಯಾರ್ದೂ ಮುಂದಕ್ಕೆ ಬರ್ಲಿಲ್ಲ. ಹಬೆ ಏಳ್ತಾ ಇತ್ತು. ಕದಿರಪ್ಪ ಕೈ ಚಾಚಿದ.

"ನಾನ್ ತಿಂತೀನಿ."

ಪಿಳ್ಳಮ್ಮ ಅವನ ಕೈ ಮೇಲೆ ಒಂದೇಟು ಬಿಟ್ಳು. "ಮರಳಲ್ಲಿ ಇಟ್ಟೋಳು ನಾನು. ಮೊದ್ಲು ನಾನು."

ಸಿಪ್ಪೆ ಬಿಡಿಸಿದ್ಳು. ಬೆರಳು ಸುಡ್ತು, ಊದ್ಕೊಂಡ್ಳು. ಮುರಿದ್ಳು. ಒಳಗೆ ತೆಳು ಹಳದಿ, ಹಿಟ್ಟು ಹಿಟ್ಟಾಗಿ ಒಂದು ಚೂರು ಮಡಿಲಿಗೆ ಬಿತ್ತು. ಬಾಯಿಗೆ ಹಾಕ್ಕೊಂಡು ಅಗಿದ್ಳು, ನುಂಗಿದ್ಳು. ಇನ್ನೊಂದು ಚೂರು. ಎಲ್ರೂ ಅವಳ ಮುಖಾನೇ ನೋಡ್ತಿದ್ರು, ಅವ್ಳು ಯಾರನ್ನೂ ನೋಡ್ತಿರ್ಲಿಲ್ಲ. ಸೀನಪ್ಪಂಗೆ ತಡೀಲಿಲ್ಲ.

"ಎಂಗೈತಮ್ಮೀ? ಏಳೇ, ಎಂಗೈತೆ?"

"ಉಪ್ಪು ಚೂರು ಕಮ್ಮಿ ಆಯ್ತು," ಅಂದ್ಳು ಪಿಳ್ಳಮ್ಮ. ಅಷ್ಟ್ರಲ್ಲೇ ಅವಳ ಕಣ್ಣಿಂದ ಇಳಿದಿದ್ದು ಕೆನ್ನೆ ದಾಟಿ ಗೆಣಸಿನ ಮೇಲೇ ಬಿತ್ತು. ಕದಿರಪ್ಪ, "ಈಗ ಸರಿ ಓಯ್ತು ಬಿಡು," ಅಂದ. ಎಲ್ರೂ ಗೊಳ್ ಅಂತ ನಕ್ರು, ಅವಳೂ ನಕ್ಳು.

ಸೀನಪ್ಪ ಕಾಯ್ತೀನಿ ಅಂದೋನು ಕಾಯ್ಲಿಲ್ಲ. ಅವಳ ಕೈಲಿದ್ದ ಅರ್ಧಾನೇ ಕಿತ್ಕೊಂಡು ಬಾಯಿಗೆ ಹಾಕ್ಕೊಂಡ. ಅಗಿಯೋದು ಮೆಲ್ಲಗಾಯ್ತು. ಗೋಡೆ ಕಡೆ ತಿರುಗಿ ಕೂತ್ಕೊಂಡ. ಬೆನ್ನು ಮಾತ್ರ ಕಾಣ್ತಿತ್ತು, ಅದು ಚೂರು ಅಲ್ಲಾಡ್ತಿತ್ತು. ಕೈ ಹಿಂದಕ್ಕೆ ಚಾಚಿ ಇನ್ನೆರಡು ತಗೊಂಡು ಹಂಗೇ ಗೋಡೆ ನೋಡ್ಕೊಂಡೇ ತಿಂದ.

ಆಮೇಲೆ ಎದ್ದು ಗುದ್ದಲಿ ಹೆಗಲಿಗೆ ಹಾಕ್ಕೊಂಡ.

"ಎಲ್ಲಿಗಣ್ಣಾ ಉರಿ ಬಿಸ್ಲಲ್ಲಿ?"

"ಬಾವಿ ಅತ್ರ. ಈ ಸಲ ಆಲೂಗೆಡ್ಡೆ ಎಲ್ಡ್ ಸಾಲು ಕಮ್ಮಿ ಆಕಿದ್ರೆ ಏನ್ ಪ್ರಳಯ ಆಗಲ್ಲ." ಬಾಗ್ಲಲ್ಲಿ ನಿಂತ. "ಬಳ್ಳಿ ಎಷ್ಟ್ ತಗೊಂಡೋಗ್ತೀಯ ನೀನು? ಮಿಕ್ಕಿದ್ದು ನಂಗೆ ಬಿಡು."

"ನನ್ ಲೈನ್ ಮನೇಲಿ ಎಲ್ಲಿ ನೆಡ್ಲಿ ಅಣ್ಣಾ. ಎಲ್ಲಾ ನಿಂಗೇ ಇರ್ಲಿ. ನೀನ್ ಗೆಣ್ಸು ತಂದ್ಕೊಡು."

"ತರ್ತೀನಿ," ಅಂದ ಸೀನಪ್ಪ. "ಆದ್ರೆ ಎಲ್ಲಿಡ್ತೀಯ ಅಂತ ಮೊದ್ಲು ತೋರಿಸ್ಬೇಕು. ತೋರ್ಸ್ದೆ ಇದ್ರೆ ಮಂಕರಿ ಕೆಳಕ್ಕೆ ಇಳ್ಸಲ್ಲ."